ಒಂದು ಗುಂಟೆ

ಮೊದಲ ದಿನ ಶಾಹೀನ್ ಮೇಡಂ
ಬೋರ್ಡಿನ ಮೇಲೆ ಒಂದು ಚೌಕ ಬರೆದರು:
ಆ ಕಡೆ ಹತ್ತು ಮೀಟರು, ಈ ಕಡೆ ಹತ್ತು.
ಉಪಗ್ರಹಕ್ಕೆ ಇದಕ್ಕಿಂತ ಸಣ್ಣದು ಕಾಣುವುದಿಲ್ಲ, ಅಂದರು.
ಹಿಂದಿನ ಬೆಂಚಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕಿದೆ.
ಅರೆ, ಇದು ನಮ್ಮ ಗುಂಟೆ!
ಕೂಸು ಮಲಗುವ ಚಾಪೆಯಷ್ಟು ಕಡಿಮೆ, ಅಷ್ಟೆ.
ಎಂಟುನೂರು ಕಿಲೋಮೀಟರು ಮೇಲಿನಿಂದ
ಯಾರೋ ಸರಪಳಿ ಜಗ್ಗಿ ಅಳೆಯುತ್ತಿದ್ದಾರೆ
ಅನ್ನಿಸಿ ನಗು ಬಂತು.

ಚಿತ್ರ ಪುಕ್ಕಟೆ. ಇಳಿಸಿಕೊಳ್ಳುವುದು ಪುಕ್ಕಟೆಯಲ್ಲ.
ರಾಯಚೂರಿನ ಹಾಸ್ಟೆಲ್ಲಿನ ಮಾಳಿಗೆ ಮೇಲೆ
ಕೋಣೆಯಿಂದ ವೈರು ಎಳೆದು,
ಬ್ಯಾಟರಿ ಸತ್ತ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು,
ಅರವತ್ತು, ಎಪ್ಪತ್ತೊಂದು, ತೊಂಬತ್ತೆರಡು—
ಕರೆಂಟು ಹೋಯಿತು.
ದೂರದಲ್ಲಿ ಶಕ್ತಿನಗರದ ಚಿಮಣಿಗಳು
ತಮಗೇನೂ ಗೊತ್ತಿಲ್ಲದ ಹಾಗೆ ಹೊಗೆ ಬಿಡುತ್ತಿದ್ದವು.

ಶ್ರಾವಣದಲ್ಲಿ ಇಳಿದದ್ದೆಲ್ಲ ಮೋಡ.
ಹನಿಯನ್ನೂ ಕೊಡದ ಮೋಡ.
ಮೋಡ ಕತ್ತರಿಸಿದರೆ ಸಾಲದು,
ಪಕ್ಕದಲ್ಲೇ ಬಿದ್ದ ಅದರ ನೆರಳನ್ನೂ ಹುಡುಕಿ ಕತ್ತರಿಸಬೇಕು.
ಅದನ್ನು ಕಲಿಯಲು ಎರಡು ವಾರ.

ಆಮೇಲೆ ಬಣ್ಣ.
ಕಣ್ಣಿಗೆ ಕಾಣದ ಬೆಳಕಿಗೆ ಕೆಂಪು ತೊಡಿಸು,
ಕೆಂಪಿಗೆ ಹಸಿರು, ಹಸಿರಿಗೆ ನೀಲಿ.
ಮಾನ್ವಿ ಕಡೆಯ ಭತ್ತವೆಲ್ಲ ಕುಂಕುಮವಾಯಿತು.
ಎಡದಂಡೆ ಕಾಲುವೆ ಹಿಡಿದು ಕೆಳಗೆ ಬಂದಂತೆ
ಕುಂಕುಮ ತೆಳುವಾಗಿ, ಗುಲಾಬಿಯಾಗಿ, ಆಮೇಲೆ ಬೂದು.
ಅಷ್ಟನ್ನು ತೋರಿಸಲು ಉಪಗ್ರಹ ಬೇಕಿರಲಿಲ್ಲ.

ಆದರೆ ಬೂದಿನ ನಡುವೆ, ತೀರ ಕೊನೆಯಲ್ಲಿ,
ನನ್ನ ಲೆಕ್ಕ ಹದಿನೇಳು ಚೌಕಗಳನ್ನು ನೀಲಿ ಮಾಡಿತ್ತು.
ನೀರು!
ನಕಾಶೆಯನ್ನು ಎರಡೆರಡು ಸಲ ಮುದ್ರಿಸಿದೆ.
ಮೇಡಂ ಅದನ್ನು ನೋಡಿ,
ಹೋಗಿ ತುಳಿದು ಬಾ, ಅಂದರು.

ಗ್ಯಾಂಗ್‌ಮನ್ ಯಂಕೋಬ ಮುಂದೆ, ನಾನು ಹಿಂದೆ.
ಫೋನಿನೊಳಗಿನ ಚುಕ್ಕೆ ಇಲ್ಲೇ ಅಂತು, ನಿಂತೆವು.
ಚಪ್ಪಲಿಗೆ ಮೆತ್ತಿದ್ದು ಕೆಸರಲ್ಲ, ಕಪ್ಪು ಬೂದಿ.
"ನೀರೆಲ್ಲೈತವ್ವ? ಕೂಳಿ ಸುಟ್ಟಾರ.
ಸಂಕ್ರಾಂತಿ ಮರುದಿನ."
ಬೆಂಕಿಯನ್ನು ನೀರು ಅಂತ ಓದಿದ್ದೆ.

ಅವನು ನಗಲಿಲ್ಲ.
"ಈ ಕಾಗದ ಆಫೀಸಿಗೆ ಹೋಗಿದ್ರ?"
ನಾನು ಉತ್ತರ ಕೊಡಲಿಲ್ಲ. ಇಬ್ಬರಿಗೂ ಗೊತ್ತಿತ್ತು:
ಕೊನೆಗೆ ನೀರು ಮುಟ್ಟಿದೆ ಅಂತ ಒಂದು ಸಾಲು,
ಮೇಲೆ ಗೇಟಿನ ಚಕ್ರಕ್ಕೆ ಎರಡು ಸುತ್ತು.
ಚಿಟಿಕೆ ಬೂದಿ ತೆಗೆದು ನನ್ನ ನೋಟ್‌ಬುಕ್ಕಿಗೆ ಒರೆಸಿದ:
"ಇದನ್ನೂ ಬರಕೋ."

ವಾಪಸು ಬರುವಾಗ ಮೆಣಸಿನಕಾಯಿ ಕಣ.
ಸುಂಕಮ್ಮ ಕುಕ್ಕರಗಾಲಲ್ಲಿ ಕೂತು ಕಾಯಿ ತಿರುವುತ್ತಿದ್ದಳು.
ಈಗ ಹನ್ನೊಂದರ ಹೊತ್ತಿಗೆ ಮೇಲೆ ಹಾಯುತ್ತದೆ, ಅಂದೆ.
ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.
"ಈ ಕಾಯಿ ಕಾಣ್ತಾವೇನು?"
ಕಾಣ್ತಾವ, ಹಳದಿಯಾಗಿ.
"ಹಳದಿ? ಸುಮ್ನಿರವ್ವ, ದಲಾಲಿ ಕೇಳಿಸ್ಕೊಂಡ್ರ
ಕಾಯಿ ಕೊಳತಾವ ಅಂತ ರೇಟು ಇಳಸ್ತಾನ."
ಯಂಕೋಬ ಆಗ ನಕ್ಕ.
"ಮತ್ತ ನಾನು?"
ನೀ ಕಾಣಂಗಿಲ್ಲ. ಒಂದು ಗುಂಟೆಯರ ಇರಬೇಕು.
"ಗುಂಟೆ ಇದ್ದಿದ್ರ
ಮಂದಿ ಕಾಯಿ ಯಾಕ ಹರವತಿದ್ದೆ?"
ಅಂದು ಮತ್ತೆ ತಿರುವಲು ಕೂತಳು.

ಮೂರು ದಿನದ ಮೇಲೆ ಆ ಹೊತ್ತಿನ ಚಿತ್ರ ಇಳಿಯಿತು.
ಬಣ್ಣಗಳ ಪಟ್ಟಿಗೆ ಹೊಸದೊಂದು ಸೇರಿಸಿದೆ: ಸುಟ್ಟ ಕೂಳಿ.
ಹದಿನೇಳೂ ನೀಲಿಯಿಂದ ಕಪ್ಪಿಗೆ ಹೋದವು.
ಕಣ ಹುಡುಕಿದೆ. ಏಳು ಚೌಕ, ಅಚ್ಚ ಹಳದಿ.
ಎಂಟನೆಯದು ಅಂಚಿನಲ್ಲಿ, ಸ್ವಲ್ಪ ಮಸುಕು.
ಕಾಯಿ ತೆಳ್ಳಗೆ ಹರವಿದ್ದೋ,
ನೆಲ ಇಣುಕಿದ್ದೋ, ಅವಳು ಕೂತದ್ದೋ.
ತಂತ್ರಾಂಶ ಕೇಳಿತು: ಯಾವ ವರ್ಗ?
ಇನ್ನೂ ತುಂಬಿಲ್ಲ.