ಚಕ್ಕುಬಂದಿ

ಖರೇ ಹೇಳ್ತೀನಿ, ನನ್ನ ಕೈಯಾಗ ರೊಕ್ಕ ಇರಲಿಲ್ಲ.
ಹುಬ್ಬಳ್ಳಿ ರಜಿಸ್ಟ್ರಾರ್ ಕಚೇರಿ ಎದುರಿಗೆ
ಹನ್ನೆರಡು ವರ್ಷದ ಖಾನಾವಳಿ,
ಎರಡು ಬಾಕು, ಒಂದು ಹಂಚು,
ಮಳಿಗೆ ತೂಗುಹಾಕಿದ ಉದ್ರಿ ವಹಿ.

ಬಾಂಡ್ ಬರೆಯೋ ವಿರುಪಣ್ಣಗ ಮುಳಗಾಯಿ ಪಲ್ಯ ಬೇಕು,
ಬೋರ್ ಹೊಡಿಸೋ ಹಜರೇಸಾಬಗ ಬರೇ ಝುಣಕ.
ಸರ್ವೇ ಸರಪಳಿ ಎಳದು ಎಳದು ರಿಟಾಯರ್ ಆದ ನೀಲಕಂಠ ಕುರಡಿಕೇರಿ
ಮಜ್ಜಿಗಿಗೆ ಉಪ್ಪು ಸಾಲದು ಅಂತ ದಿನಾ ತಕರಾರು.
ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ.
ನನಗ ಮೂವರ ಹಸಿವೂ ಗೊತ್ತಿತ್ತು.

ಒಂದಿನ ಜಾಗಾ ಸಾಲದಕ್ಕ
ಮೂವರನ್ನೂ ಒಂದೇ ಬಾಕಿನ ಮ್ಯಾಲೆ ಕೂಡ್ರಿಸಿದೆ.
ಅಷ್ಟೇ ನಾನು ಮಾಡಿದ್ದು.
ಎರಡನೇ ರೊಟ್ಟಿ ಮುರಿಯೋದ್ರಾಗ
ಕುಸುಗಲ್ ರಸ್ತೆದ ಇಪ್ಪತ್ತು ಗುಂಟೆ ಮಾತಿಗೆ ಬಂತು.
ಒಬ್ಬಾಂವ ಕಾಗದ ಬಲ್ಲ, ಒಬ್ಬಾಂವ ನೀರು,
ಇನ್ನೊಬ್ಬಾಂವ ಹದ್ದಿನ ಕಲ್ಲು ಎಲ್ಲಿ ಹುಗದದ್ದು ಬಲ್ಲ.
ರೊಕ್ಕ?
ದುರ್ಗದ ಬೈಲಿನ ಭಾಂಡಿ ಅಂಗಡಿ ಘೇವರಚಂದಗ ನಾನೇ ಹೇಳಿಕಳಿಸಿದೆ.

ಹದಿನಾರಾಣೆಯಾಗ ಅವಗ ಆರು,
ಮೂವರಿಗೆ ಮೂರಮೂರು,
ಉಳಿದ ಒಂದಾಣೆ ನಿಂದು ಅಂದ್ರು, ನಕ್ಕೋತ,
ಉದ್ರಿ ತೀರಿಸಿದಂಗ.

ಸಂಚಕಾರ ಕೊಡೋ ಹಿಂದಿನ ಸಂಜಿಗೆ ಕೇಳಿದೆ:
"ಸಾಂವಕ್ಕನ ಸಹಿ ಎಲ್ಲೈತಿ?"
ಯಾವ ಸಾಂವಕ್ಕ?
"ಹೊಲದ ಧಣಿ ತಂಗಿ, ಅಣ್ಣಿಗೇರಿಗೆ ಕೊಟ್ಟಾರ,
ತಿಂಗಳಿಗೊಮ್ಮೆ ನನಗ ಗುರೆಳ್ಳು ಚಟ್ನಿ ತಂದು ಕೊಡ್ತಾಳ."
ವಿರುಪಣ್ಣ ಕನ್ನಡಕ ತೆಗದ.
"ಉತಾರದಾಗ ಆಕಿ ಹೆಸರಿಲ್ಲ."
"ಉತಾರದಾಗ ಇರಲಿಕ್ಕಿಲ್ಲ,
ಇಬ್ಬರೂ ಒಂದೇ ಹೊಟ್ಟ್ಯಾಗ ಇದ್ದವರು."
ಯಾರೂ ತುತ್ತು ಎತ್ತಲಿಲ್ಲ.

ಮುಂಜಾನಿ ಬಸ್ಸಿಗೆ ಅಣ್ಣಿಗೇರಿ.
ಸಾಂವಕ್ಕ ಪೆನ್ನು ಹಿಡಕೊಂಡು ಕೇಳಿದಳು, ನನ್ನ ಪಾಲು ಎಷ್ಟು?
ಅಲ್ಲೀತನಕ ಆಕೀನ ಅದನ್ನ ಯಾರೂ ಕೇಳಿರಲಿಲ್ಲ,
ಆಕಿನೂ ಯಾರನ್ನೂ ಕೇಳಿರಲಿಲ್ಲ.
ಕೊಟ್ಟ ಮ್ಯಾಲೇ ಸಹಿ ಆತು.

ಎಲ್ಲಾ ಛಲೋ ಆತು ಅಂತ ಹೇಳಲಾರೆ.
ಮೂಲಿ ಪ್ಲಾಟಿನ ಸಲುವಾಗಿ
ನೀಲಕಂಠಗೂ ಹಜರೇಸಾಬಗೂ ಮಾತು ಬಿಟ್ಟು ಮೂರು ವರ್ಷ.
ನೀಲಕಂಠ ಈಗ ಬ್ಯಾರೆ ಕಡೆ ಉಣ್ತಾನಂತ.
ಮಜ್ಜಿಗಿಗೆ ತಕರಾರು ಮಾಡೋರಿಲ್ಲ.
ನಾನು ಮಾತ್ರ ಒಂದು ಚಿಟಿಗಿ ಉಪ್ಪು ಹೆಚ್ಚು ಹಾಕೋದು ಬಿಟ್ಟಿಲ್ಲ.

ಮನ್ನೆ ನನ್ನ ಒಂದಾಣೆಗೆ ಕಾಗದ ಆತು.
ವಿರುಪಣ್ಣ ಓದಿ ಹೇಳಿದ:
ಮೂಡಲಕ್ಕ ಹಜರೇಸಾಬನ ಜಾಗಾ,
ಪಡುವಲಕ್ಕ ಘೇವರಚಂದನ ಗ್ವಾಡಿ,
ತೆಂಕಲಕ್ಕ ರಸ್ತೆ,
ಬಡಗಲಕ್ಕ, ಇಲ್ಲಿ ದನಿ ಸಣ್ಣದಾತು, ನೀಲಕಂಠನ ಮೂಲಿ ಪ್ಲಾಟು.
ನಡುವ ಇಪ್ಪತ್ತು ಬೈ ಮೂವತ್ತು.

ಅವರೆಲ್ಲರ ಹೆಸರು ಬರದಾದ ಮ್ಯಾಲೇ
ನನ್ನ ನೆಲ ಎಲ್ಲೈತಂತ
ಕಾಗದಕ್ಕ ತಿಳೀತು.