ಅಡಿಟಿಪ್ಪಣಿ ಹದಿನೇಳು

ಹಗೇವಿನ ಬಗ್ಗೆ ಒಂದು ಲೇಖನ ಇದೆಯಂತೆ.
ಇದೆ ಅಂದವರು ನನ್ನ ಗೈಡು ಚಿದಾನಂದಯ್ಯ,
ಕನ್ನಡಕ ಒರೆಸುತ್ತ, ಕಿಟಕಿಯ ಕಡೆ ನೋಡುತ್ತ:
"ಅರವತ್ತೆರಡೋ ಅರವತ್ಮೂರೋ, ಯಾವುದೋ ತ್ರೈಮಾಸಿಕ.
ಅದನ್ನ ಓದದೆ ಎರಡನೇ ಅಧ್ಯಾಯ ತರಬೇಡಮ್ಮ."

ಯಾವುದೋ ಅನ್ನುವ ಊರಿಗೆ
ದುರ್ಗದ ಸ್ಟ್ಯಾಂಡಿನಿಂದ ಬಸ್ಸಿಲ್ಲ.

ಕಾಲೇಜಿನ ಲೈಬ್ರರಿಯಲ್ಲಿ ಪಾಲಯ್ಯ
ಬೀರುವಿನ ಬೀಗಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟ.
ಸಂಪುಟ ಹನ್ನೊಂದು ಇತ್ತು. ಹದಿಮೂರು ಇತ್ತು.
ನಡುವೆ ಹಲ್ಲು ಬಿದ್ದ ಜಾಗ,
ಅಲ್ಲಿ ಕಣ್ಣು ಬಿಡದ ನಾಲ್ಕು ಇಲಿಮರಿ.
"ಬೈಂಡಿಂಗಿಗೆ ಹೋಗೈತೆ ಮೇಡಂ."
"ಯಾವಾಗ?"
"ನಾನು ಕೆಲ್ಸಕ್ಕೆ ಸೇರೋಕೆ ಮುಂಚೆ."

ರಾತ್ರಿ ಫೋನಿನಲ್ಲಿ ಹುಡುಕಿದೆ.
ಇಂಗ್ಲಿಷಿನಲ್ಲಿ ಹಗೇವನ್ನು ಹೇಗೆ ಬರೆಯಬೇಕು?
ಹೇಗೆ ಬೇಕಾದರೂ ಬರೆಯಬಹುದು, ಅದೇ ಕಷ್ಟ.
ಯಂತ್ರ ನನ್ನನ್ನು ಮೆಲ್ಲಗೆ ತಿದ್ದಿತು:
ತಾವು ಹುಡುಕುತ್ತಿರುವುದು ಕತ್ತಾಳೆಯೇ?
ಅಲ್ಲವೋ ಮಾರಾಯ. ಕತ್ತಾಳೆ ಬೇಲಿಯಲ್ಲಿದೆ.
ನನಗೆ ಬೇಕಾದದ್ದು ನೆಲದೊಳಗಿದೆ.

ಹನ್ನೊಂದನೇ ದಿನ ಸಿಕ್ಕಿತು,
ಮೊದಲ ಪುಟ ಪುಕ್ಕಟೆ.
ಉಳಿದ ಹದಿನಾಲ್ಕಕ್ಕೆ ನಲವತ್ತೆರಡು ಡಾಲರು.
ನಾನು ಅತಿಥಿ ಉಪನ್ಯಾಸಕಿ;
ಜೂನಿನ ಸಂಬಳ ಸೆಪ್ಟೆಂಬರಿಗೂ ಬಂದಿರಲಿಲ್ಲ.
ಪುಟ ಮುಗಿದದ್ದು ಒಂದು ವಾಕ್ಯದ ನಡುವೆ:
"ದುರ್ಗದ ಕಲ್ಲುನೆಲದಲ್ಲಿ ಇಂಥ ಕಣಜಗಳು"
ಕಣಜಗಳು ಏನು?
ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿಗೆ
ಬಾಗಿಲು ಬಡಿಯುತ್ತಿತ್ತು. ನಾನು ಮಲಗಿದಲ್ಲೇ
ಆ ವಾಕ್ಯವನ್ನು ಹತ್ತು ಥರ ಮುಗಿಸಿದೆ.

ಕೊನೆಗೆ ಗೆಳತಿ ಶಾಕಿರಾಳ ನಾದಿನಿಯ ರೂಮ್‌ಮೇಟು,
ಪುಣೆಯಲ್ಲಿ, ಹೆಸರೂ ಕೇಳಿರದ ಹುಡುಗಿ,
ಹದಿನೈದೂ ಪುಟದ ಫೋಟೋ ತೆಗೆದು ಕಳಿಸಿದಳು.
ಪ್ರತಿ ಪುಟದ ಅಂಚಿನಲ್ಲೂ ಅವಳ ಹೆಬ್ಬೆರಳು,
ಉಗುರಿನ ಬಣ್ಣ ಅರ್ಧ ಕಿತ್ತದ್ದು.
ಕೈ ಅಲುಗಿರಬೇಕು, ಇನ್ನೂರ ಹತ್ತೊಂಬತ್ತು ಮಸುಕು.

ಓದಿದೆ. ಆಳ ಇಷ್ಟು ಮೊಳ, ಬಾಯಿ ಇಷ್ಟು ಗೇಣು,
ಸುತ್ತ ಹುಲ್ಲಿನ ಹೊದಿಕೆ, ತಳಕ್ಕೆ ಬೂದಿ,
ಜೋಳ ಎಷ್ಟು ಚೀಲ, ಎಷ್ಟು ವರ್ಷ.
ಎಲ್ಲ ಅಳತೆಗೂ ಒಬ್ಬೊಬ್ಬ ಸಾಹೇಬನ ಸಾಕ್ಷಿ,
ವರದಿ, ಇಸವಿ, ಪುಟಸಂಖ್ಯೆ.
ಆಮೇಲೆ ಎರಡೇ ಸಾಲು, ಉಸಿರಿರುವ ಎರಡು ಸಾಲು:

ಬಾಯಿ ತೆರೆದ ಕೂಡಲೆ ಇಳಿಯಬಾರದು.
ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು; ಆರಿದರೆ ಕಾಯಬೇಕು.

ಅದಕ್ಕೆ ಅಡಿಟಿಪ್ಪಣಿ ಹದಿನೇಳು:
"ಬುರುಜನಹಟ್ಟಿಯ ಒಬ್ಬ ಮುದುಕಿ ಹೇಳಿದ್ದು."

ಬುರುಜನಹಟ್ಟಿ!
ನಾನು ದಿನಾ ಹಾಲು ತರುವ ಬೀದಿ.

ಹೋದೆ. ಫೋನು ಹಿಡಿದು ಮನೆ ಮನೆ ಕೇಳಿದೆ.
"ನಮ್ಮ ಹುಚ್ಚಜ್ಜಿನೇ ಇರ್ಬೇಕು,
ಯಾರೇ ಬಂದ್ರೂ ಕೂರ್ಸಿ ಮಾತಾಡೋಳು."
"ಹುಚ್ಚಜ್ಜಿ ಎಲ್ಲಿ, ಕಾಟವ್ವ. ಬರ್ಕೊಳ್ಳಿ.
ಪಿಂಚಣಿ ಗಿಂಚಣಿ ಏನಾದ್ರೂ ಬರುತ್ತಾ?"
ಮೂರನೇ ಮನೆಯಲ್ಲಿ ಒಬ್ಬ ಗಂಡಸು
ಟೀವಿಯ ಸದ್ದು ತಗ್ಗಿಸಿ, ತಡೆದು, ಹೇಳಿದ:
"ಮಾರಕ್ಕ. ನಮ್ಮಜ್ಜನ ಅಕ್ಕ.
ಅವಳ ಕಿರೀ ತಮ್ಮ ಹಗೇವಿಗೆ ಇಳಿದೋನು
ಮೇಲೆ ಬರ್ಲಿಲ್ಲ. ಅವತ್ತು
ದೀಪ ಬಿಡೋಕೆ ಯಾರಿಗೂ ನೆನಪಾಗಿರ್ಲಿಲ್ಲ."

ಟೀವಿಯಲ್ಲಿ ಯಾರೋ ಸಿಕ್ಸರ್ ಹೊಡೆದರು.
ಅವನು ಸದ್ದು ಏರಿಸಲಿಲ್ಲ.

ನನ್ನ ಅಧ್ಯಾಯದಲ್ಲಿ ಬರೆದೆ:
ಮಾರಕ್ಕ, ಅಥವಾ ಕಾಟವ್ವ, ಅಥವಾ ಹುಚ್ಚಜ್ಜಿ.
ಮೂವರೂ ಆಗಿರಬಹುದು.
ಚಿದಾನಂದಯ್ಯ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
ಪಕ್ಕದಲ್ಲಿ ಕೇಳಿದ್ದಾರೆ: ಪುಟಸಂಖ್ಯೆ?

ಹದಿನೈದು ಪುಟ ಪ್ರಿಂಟು ಹಾಕಿಸಿ, ಹೆಬ್ಬೆರಳ ಸಮೇತ,
ದಾರ ಹೊಲಿದು ಪಾಲಯ್ಯನಿಗೆ ಕೊಟ್ಟೆ.
ಹನ್ನೊಂದಕ್ಕೂ ಹದಿಮೂರಕ್ಕೂ ನಡುವೆ ಇಡಲು ಹೋದವನು
ಒಳಗೆ ಬ್ಯಾಟರಿ ಬಿಟ್ಟು ನೋಡಿದ.
"ತಡೀರಿ ಮೇಡಂ," ಅಂದ,
"ಮರಿಗಳು ಇನ್ನೂ ಅದಾವೆ."