ಮುಟ್ಟಬಹುದು

ದಸರೆ ರಜೆ ಅವಳಿಗೆ. ಶುಕ್ರವಾರ, ಭಟ್ಟಿಗೂ ಬೆಂಕಿಯಿಲ್ಲ.
ದಾವಣಗೆರೆ ಸಿಟಿ ಬಸ್ಸಿಳಿದು, ಪಾರ್ಕಿನ ಗೇಟು ದಾಟಿ,
ಕಾರಂಜಿ ಕೆಟ್ಟು ನಿಂತ ಕೊಳದ ಬದಿಯಲ್ಲಿ
ತಸ್ಲೀಮಾ ನನ್ನ ಸೆರಗು ಹಿಡಿದು ಎಳೆದಳು.
ಶಾಲೆಯವರು ಕರೆತಂದಾಗ ಒಮ್ಮೆ ನೋಡಿದ್ದಾಳೆ;
ಈಗ ಇಡೀ ಮ್ಯೂಸಿಯಂ ಅವಳದೇ,
ನಾನು ಬಂದ ನೆಂಟಳು.

ಬಾಗಿಲ ಮೇಲೆ ದಪ್ಪ ಅಕ್ಷರ:
ಇಲ್ಲಿ ಎಲ್ಲವನ್ನೂ ಮುಟ್ಟಬಹುದು.
ಎರಡು ಸಲ ಓದಿದೆ.
‘ಬಾರದು’ ಬರೆಯಲು ಹೋಗಿ
ಪೇಂಟರನ ಕೈ ತಪ್ಪಿತೇನೋ ಅಂದುಕೊಂಡೆ.
ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವ ಹುಡುಗ
ನನ್ನ ಬೆರಳು ನೋಡಿ, ಮಡಿಕೆಯನ್ನು
ಒಂದು ಗೇಣು ಹಿಂದಕ್ಕೆ ಎಳೆದುಕೊಂಡಿದ್ದ.
ಕಪ್ಪು ಹೋಗುವುದಿಲ್ಲ ತಮ್ಮಾ, ಇದು ತೊಳೆದ ಕೈಯೇ
ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಗಾಜಿನ ಗೋಲದೊಳಗೆ ನೇರಳೆ ಮಿಂಚು.
‘ಇಡವ್ವ, ಸುಡಲ್ಲ.’
ಸುಟ್ಟರೂ ನನಗೆ ತಡವಾಗಿಯೇ ತಿಳಿಯುತ್ತದೆ,
ಕಾದ ಮರಳಿನ ಜೊತೆ ಹದಿನಾರು ವರ್ಷ.
ಇಟ್ಟೆ. ಬೆರಳಿದ್ದಲ್ಲಿಗೇ ಓಡಿಬಂತು ಮಿಂಚು,
ಹೆಸರು ಹಿಡಿದು ಕರೆದ ಬೆಕ್ಕಿನ ಹಾಗೆ.
ಯಾರ ಬೆರಳೆಂದು ಅದು ಕೇಳಲಿಲ್ಲ.

ಆಮೇಲೆ ಎರಡು ಗೋಡೆಗೆ ಎರಡು ತಗಡಿನ ಬೋಗುಣಿ,
ಆಳೆತ್ತರ. ಒಂದರೊಳಗೆ ನನ್ನ ಮುಖ ಇರಿಸಿ
ಮಕ್ಕಳ ಗದ್ದಲ ದಾಟಿ ಆ ತುದಿಗೆ ಓಡಿದಳು.
ಕಿವಿಯೊಳಗೇ ಪಿಸುದನಿ:
‘ಅವ್ವ, ಮಿರ್ಚಿ ಕೊಡಿಸ್ತೀಯಾ?’
ಭಟ್ಟಿಯಲ್ಲಿ ಪಕ್ಕದವಳಿಗೂ ಕೂಗಿಯೇ ಹೇಳಬೇಕು;
ಕೂಗಿ ಕೂಗಿ ಮನೆಯಲ್ಲೂ ಹಾಗೇ ಆಗಿದೆ.
ಇವಳೊಡನೆ ಹೀಗೆ ಮೆಲ್ಲಗೆ ಮಾತಾಡಿದ್ದು
ಯಾವಾಗಲೋ, ಅವಳಿಗೆ ಹಲ್ಲು ಬರುವ ಮುಂಚೆ.
‘ಕೊಡಿಸ್ತೀನಿ’ ಎಂದೆ ತಗಡಿಗೆ.
ಅಲ್ಲಿ ಅವಳು ಕುಣಿದದ್ದು ಕಂಡಿತು.

ತಕ್ಕಡಿಯೊಂದಿತ್ತು. ಹತ್ತಿದರೆ
ಭೂಮಿಯ ಮೇಲೆ ಐವತ್ನಾಲ್ಕು,
ಗುಂಡಿ ಒತ್ತಿದರೆ ಚಂದ್ರನ ಮೇಲೆ ಒಂಬತ್ತು.
ಒಂಬತ್ತು ಕೇಜಿ!
ಅದು ನಮ್ಮ ಒಂದು ಚೀಲ ಮಂಡಕ್ಕಿ,
ನನಗಿಂತ ಎತ್ತರ, ನನಗಿಂತ ದಪ್ಪ,
ಹೊತ್ತರೂ ಹೊತ್ತ ಹಾಗೆ ಇರುವುದಿಲ್ಲ.
ನಮ್ಮಜ್ಜ ಹತ್ತಿ ಹಿಂಜುತ್ತಿದ್ದ,
ಬಿಲ್ಲಿನ ಟಂಯ್ ಟಂಯ್‌ಗೆ ಮೂವತ್ತಕ್ಕೇ ಮೀಸೆ ಬಿಳಿ;
ನಾನು ಅಕ್ಕಿ ಅರಳಿಸುವವಳು.
ಮನೆತನವೇ ಹಗುರದ್ದು, ಬೇಕಾದರೆ ಹಾಗೆನ್ನಿ,
ಸಂಜೆಗೆ ಸೊಂಟ ಮಾತ್ರ ಒಪ್ಪುವುದಿಲ್ಲ.
ಗೈಡ್ ಹುಡುಗ ಗುರುತ್ವ ಏನೋ ವಿವರಿಸುತ್ತಿದ್ದ.
ನಾನಂದೆ, ಹಾಗಾದರೆ ಮಂಡಕ್ಕಿ ಅಂದರೆ
ಚಂದ್ರನಿಗೆ ಹೋಗಿ ಬಂದ ಅಕ್ಕಿ.
ನಕ್ಕ. ನಗುವಂಥದ್ದೇನಿತ್ತೋ.

ಕೊನೆಗೆ ಕತ್ತಲ ಕೋಣೆ. ಹಸಿರು ಗೋಡೆ.
‘ಹೆಂಗ್ ಬೇಕೋ ಹಂಗ್ ನಿಂತ್ಕೋ’ ಅಂದಳು,
ತಾನು ಒಂಟಿ ಕಾಲಲ್ಲಿ, ಕೊಕ್ಕರೆ.
ಹೇಗೆ ಬೇಕು ಎಂದು ಯೋಚಿಸುವಷ್ಟರಲ್ಲಿ
ಫಳ್ ಎಂದಿತು ಬೆಳಕು.
ತಿರುಗಿದರೆ, ನಾವು ಸರಿದ ಮೇಲೂ ನಮ್ಮ ನೆರಳು
ಗೋಡೆಯಲ್ಲೇ ಉಳಿದಿತ್ತು:
ಒಂದು ಕೊಕ್ಕರೆ,
ಪಕ್ಕದಲ್ಲಿ ಬಲಗೈ ಎತ್ತಿದ ಹೆಂಗಸು,
ತಲೆಯ ಮೇಲೆ ಏನನ್ನೋ ಹಿಡಿದಂತೆ.
ತಲೆಯ ಮೇಲೆ ಏನೂ ಇರಲಿಲ್ಲ.

‘ಏನ್ ಹೊತ್ಕೊಂಡೀಯವ್ವ?’

ನಾನು ಕೈ ಇಳಿಸಿದೆ. ಗೋಡೆಯವಳು ಇಳಿಸಲಿಲ್ಲ.
ತಸ್ಲೀಮಾ ಹತ್ತಿರ ಹೋಗಿ, ಎಗರಿ ಎಗರಿ
ಆ ಖಾಲಿ ಜಾಗವನ್ನು ಅಂಗೈಯಿಂದ ತಡವಿದಳು,
ಮುಟ್ಟಬಹುದಲ್ಲ ಎನ್ನುವಂತೆ.

ಮಿರ್ಚಿ ಗಾಡಿ ಗೇಟಿನ ಹೊರಗೇ ಇತ್ತು.
ಪೊಟ್ಟಣದಿಂದ ಒಂದೇ ಕಾಳು ಬಾಯಿಗೆ ಹಾಕಿ ಹೇಳಿದೆ:
ನಮ್ಮ ಭಟ್ಟಿಯದಲ್ಲ.
ಮರಳು ಇನ್ನೊಂದು ಗಳಿಗೆ ಕಾಯಬೇಕಿತ್ತು.